ಬಾರಿಸಿದವರ ಹೆಸರು

ಫೆಬ್ರವರಿ ೪, ಮಂಗಳವಾರ

ಎಡಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿ ಇವತ್ತಿಗೆ ಮೂರು ದಿನ. ಆರು ವಾರ ತೆಗೆಯುವಂತಿಲ್ಲ. ಇಪ್ಪತ್ತೆರಡು ವರ್ಷ ಡ್ರಮ್ಸ್ ಬಾರಿಸಿದ್ದೇನೆ, ಬಾರಿಸುವಾಗ ಒಂದು ದಿನವೂ ಏನೂ ಆಗಲಿಲ್ಲ. ಹೋಟೆಲಿನ ಹಿಂಬದಿ ಮೆಟ್ಟಿಲಲ್ಲಿ ಬೇಸ್ ಡ್ರಮ್ ಅಪ್ಪಿಕೊಂಡು ಇಳಿಯುವಾಗ ಕಾಲು ಜಾರಿತು. ಡ್ರಮ್ಮಿಗೆ ಒಂದು ಗೀರೂ ಬಿದ್ದಿಲ್ಲ. ಅದು ಬಿದ್ದದ್ದು ನನ್ನ ಮೇಲೆ.

ಕನ್ನಡಕದ ಅಂಗಡಿಗೂ ರಜೆ ಹಾಕಿದ್ದೇನೆ. ಒಂದೇ ಕೈಯಲ್ಲಿ ಚೌಕಟ್ಟಿಗೆ ಗಾಜು ಕೂರಿಸಲು ಬರುವುದಿಲ್ಲ. ಯಜಮಾನರು ಜನವರಿಯಲ್ಲಿ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಇಡೀ ದಿನ ಅಮ್ಮನ ಬಾಯಿಗೆ ಸಿಗುವುದಕ್ಕಿಂತ ಇದರಲ್ಲಿ ಗೀಚುವುದು ವಾಸಿ.

ಸಂಜೆ ತಮ್ಮ ಬಂದಿದ್ದ. ಮೂವತ್ತೆಂಟು ತುಂಬಿದರೂ ಮನೆಯಲ್ಲಿ ಅವನು ಪುಟ್ಟನೇ. ನಮ್ಮ ತಂಡದಲ್ಲಿ ಅವನದು ಕೀಬೋರ್ಡ್, ನನ್ನದು ಡ್ರಮ್ಸ್, ಬೇಸ್ ಗಿಟಾರ್ ನಮ್ಮ ಬೀದಿಯ ಪೋಸ್ಟ್‌ಮ್ಯಾನ್‌ದು, ಹಾಡುವವಳು ನನ್ನ ಶಾಲೆಯ ಗೆಳತಿ. ಹನ್ನೊಂದು ವರ್ಷದಿಂದ ಶನಿವಾರ, ಭಾನುವಾರ ಸಂಜೆ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ನುಡಿಸುತ್ತಿದ್ದೇವೆ.

“ಅಕ್ಕ, ಆರು ವಾರ ಡ್ರಮ್ಸ್ ಇಲ್ದೆ ಹೋದ್ರೆ ಮ್ಯಾನೇಜರು ಬೇರೆ ತಂಡ ಕರೀತಾರೆ,” ಅಂದ. “ನನ್ನ ಹತ್ರ ಒಂದು ಉಪಾಯ ಇದೆ. ಕಂಪ್ಯೂಟರಲ್ಲಿ ಹಾಕ್ಕೊಳ್ಳೋ ಡ್ರಮ್ ಮಷೀನ್ ಒಂದಿದೆ, ಫ್ರೀ. ಅದರೊಳಗೆ ನಿನ್ನ ಪೆಟ್ಟುಗಳನ್ನೇ ತುಂಬ್ತೀನಿ. ನಿನ್ನ ಸೌಂಡೇ ಬರುತ್ತೆ. ನೀನು ವಾಸಿಯಾಗೋವರೆಗೂ ನಿನ್ನ ಜಾಗ ಕಾಯೋದಕ್ಕೆ ಒಂದು ಬೊಂಬೆ ಅನ್ಕೋ.”

“ಒಂದು ಕೈ ಕಟ್ಟಿ ಹಾಕಿದಾರಲ್ಲೋ.”

“ಒಂದೊಂದೇ ಪೆಟ್ಟು ಸಾಕು. ಬಲಗೈ ಇದೆಯಲ್ಲ.”

ನನ್ನ ತಮ್ಮನ ತಲೆ ತಲೆಯೇ.

ಫೆಬ್ರವರಿ ೯, ಭಾನುವಾರ

ಮೂರು ದಿನ ಹಿಡಿಯಿತು. ಹಿಂದಿನ ಕೋಣೆಯ ಗೋಡೆಗೆಲ್ಲ ಕಂಬಳಿ ನೇತುಹಾಕಿದ. ಫ್ರಿಜ್ ಆರಿಸಿದ. ಪಕ್ಕದ ಮನೆಯ ಕುಕ್ಕರ್ ಕೂಗು ನಿಲ್ಲುವವರೆಗೆ ಇಬ್ಬರೂ ಕಳ್ಳರ ಹಾಗೆ ಉಸಿರು ಬಿಗಿಹಿಡಿದು ಕೂತೆವು.

ಒಂದು ಪೆಟ್ಟು. ಅದರ ಸದ್ದು ಪೂರ್ತಿ ಕರಗಬೇಕು. ಆಮೇಲೆ ಇನ್ನೊಂದು. ಮೆಲ್ಲಗೆ ಹೊಡೆದದ್ದು ಹತ್ತು, ಹದವಾಗಿ ಹತ್ತು, ಜೋರಾಗಿ ಹತ್ತು. ಹಾಗೆ ಪ್ರತಿಯೊಂದು ಡ್ರಮ್ಮಿಗೂ, ಕಂಚಿನ ತಟ್ಟೆಯಂಥ ಪ್ರತಿಯೊಂದು ಸಿಂಬಲ್‌ಗೂ. ದೊಡ್ಡ ಸಿಂಬಲ್‌ನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದೆ, ಕೊನೆಯಲ್ಲಿ ಸೀಳುದನಿ ಬರುತ್ತದೆ. “ಇದು ಬೇಡ್ವೇನೋ,” ಅಂದೆ. “ಅದೇ ಬೇಕು ಅಕ್ಕ, ಅದು ಯಾರ ಹತ್ರಾನೂ ಇಲ್ಲ,” ಅಂದ.

ಮಷೀನು ಒಂದೇ ಸದ್ದನ್ನು ಮತ್ತೆ ಮತ್ತೆ ನುಡಿಸಿದರೆ ಕೇಳುವವರಿಗೆ ತಿಳಿದುಬಿಡುತ್ತದಂತೆ, ಅದಕ್ಕೇ ಇಷ್ಟೊಂದು ಪೆಟ್ಟು. ಕೊನೆಕೊನೆಗೆ ಭುಜ ಸೋತು ಪ್ರತಿ ಪೆಟ್ಟಿಗೂ “ಸಾಕೇನೋ?” ಎನ್ನುತ್ತಿದ್ದೆ. ಅವನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಇನ್ನೊಂದು, ಇನ್ನೊಂದು ಎಂದು ಬೆರಳಾಡಿಸುತ್ತಿದ್ದ. ಚಿಕ್ಕವನಿದ್ದಾಗ ಕಥೆ ಕೇಳುವಾಗಲೂ ಹಾಗೇ ಮಾಡುತ್ತಿದ್ದ.

ಫೆಬ್ರವರಿ ೨೨, ಶನಿವಾರ

ಹೋಟೆಲಿಗೆ ಹೋಗಿ ಬಾಗಿಲ ಬಳಿಯ ಮೇಜಿನಲ್ಲಿ ಕೂತು ಕೇಳಿದೆ. ನಾನು ಕೂರುತ್ತಿದ್ದ ಕಡೆ ಒಂದು ಸ್ಟೂಲು, ಅದರ ಮೇಲೆ ಲ್ಯಾಪ್‌ಟಾಪ್. ಸ್ನೇರ್ ಡ್ರಮ್ಮಿನ ಸದ್ದು ನನ್ನದೇ. ಬೇಸ್ ಡ್ರಮ್ ನನ್ನದೇ. ಆದರೆ ಹಾಡು ಏರುವಲ್ಲಿ ನಾನು ತುಸು ಮುಂದೆ ಓಡುತ್ತೇನಲ್ಲ, ಅದು ಓಡಲಿಲ್ಲ. ಗೆಳತಿ ಆ ಜಾಗದಲ್ಲಿ ಆರಾಮವಾಗಿ ಉಸಿರು ತೆಗೆದುಕೊಂಡು ಹಾಡಿದಳು. ಚೆನ್ನಾಗಿ ಹಾಡಿದಳು.

ಚಹಾ ಆರಿ ಹೋಯಿತು.

ಮಾರ್ಚ್ ೧೭, ಸೋಮವಾರ

ಪ್ಲಾಸ್ಟರ್ ತೆಗೆದರು. ಒಳಗಿದ್ದದ್ದು ನನ್ನ ಕೈಯೇ ಅಲ್ಲ, ಯಾವುದೋ ಬಡಕಲು ಪ್ರಾಣಿ. ಕೋಲು ಹಿಡಿಸಿದರೆ ಬಿದ್ದುಹೋಗುತ್ತದೆ. ಆಸ್ಪತ್ರೆಯ ಫಿಸಿಯೋ ಮೇಡಂ ಗಟ್ಟಿಗಿತ್ತಿ. ನಾನು ಅಯ್ಯೋ ಎಂದರೆ “ನಿಮ್ಮ ಬಾಯಿಗೆ ವ್ಯಾಯಾಮ ಬೇಡ, ಅದು ಚೆನ್ನಾಗಿದೆ” ಎನ್ನುತ್ತಾರೆ. ದಿನಕ್ಕೆ ಮೂರು ಸಲ ಬಿಸಿ ಬಟ್ಟೆಯ ಶಾಖ, ಆಮೇಲೆ ಸ್ಪಂಜು ಹಿಂಡುವುದು. ಶಾಖ ಕೊಡುವ ಕೆಲಸ ಅಮ್ಮನದು. “ಬೇಗ ವಾಸಿ ಮಾಡ್ಕೊಳೇ,” ಎನ್ನುತ್ತ ಮಣಿಕಟ್ಟು ನೀವುತ್ತಾಳೆ.

ಏಪ್ರಿಲ್ ೧೯, ಶನಿವಾರ

ಮೇಡಂ ಬಾರಿಸಬಹುದು ಎಂದು ಹೇಳಿ ಹತ್ತು ದಿನವಾಯಿತು. ಪುಟ್ಟ “ಇನ್ನೊಂದು ವಾರ ರೆಸ್ಟ್ ತಗೋ ಅಕ್ಕ” ಅಂದ. ಹೋದ ವಾರವೂ ಅದನ್ನೇ ಅಂದಿದ್ದ. ಕಾಳಜಿ ಮಾಡುತ್ತಾನೆ, ಪಾಪ. ಮನೆಯಲ್ಲೇ ದಿಂಬಿನ ಮೇಲೆ ಅಭ್ಯಾಸ ಮಾಡುತ್ತಿದ್ದೇನೆ.

ಏಪ್ರಿಲ್ ೨೧, ಸೋಮವಾರ

ಪುಟ್ಟ ಫೋನಿನಲ್ಲಿ ಸತಾಯಿಸುತ್ತಿದ್ದಾನೆಂದು ನಾನೇ ಅವರು ಅಭ್ಯಾಸ ಮಾಡುವ ಶೆಡ್ಡಿಗೆ ಹೋದೆ. ಮೂವರೂ ಇದ್ದರು. ನನ್ನನ್ನು ನೋಡಿ ಹಾಡು ನಿಂತಿತು. ಮಷೀನು ಮಾತ್ರ ನಾಲ್ಕು ಮಾತ್ರೆ ಹೆಚ್ಚು ಬಾರಿಸಿ ನಿಂತಿತು.

“ಈ ಶನಿವಾರ ಬರ್ತೀನಿ ಕಣೋ. ಕೈ ಸರಿಹೋಗಿದೆ.”

ಪುಟ್ಟ ಒಂದು ವೈರು ಬಿಚ್ಚಿ ಅದನ್ನೇ ಮತ್ತೆ ಸಿಕ್ಕಿಸಿದ. “ಅಕ್ಕ, ಮ್ಯಾನೇಜರ್‌ಗೆ ಇದೇ ಹಿಡಿಸಿದೆ. ಸೌಂಡ್ ಬೇಕಾದಷ್ಟೇ ಇಡಬಹುದು. ಡ್ರಮ್ಸ್ ಜಾಗದಲ್ಲಿ ಎರಡು ಮೇಜು ಹಾಕಿದಾರೆ. ನಿಂಗೂ ಆ ಮೆಟ್ಟಿಲು ಹತ್ತಿಳಿಯೋ ಕಷ್ಟ ಯಾಕೆ?”

“ಅಂದ್ರೆ?”

“ಅಂದ್ರೆ ಸದ್ಯಕ್ಕೆ ಹೀಗೇ ನಡೀಲಿ ಅಂತ.”

ಪೋಸ್ಟ್‌ಮ್ಯಾನ್ ಕಡೆ ನೋಡಿದೆ. “ಇಬ್ರು ಹೇಳೋದ್ರಲ್ಲೂ ನ್ಯಾಯ ಇದೆ,” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಗೆಳತಿ ಕೈಯಲ್ಲಿದ್ದ ಲೋಟದ ತಳ ನೋಡುತ್ತಿದ್ದಳು. ಅವಳ ಗಂಟಲು ಕಟ್ಟಿದ ವರ್ಷ ಮೂರು ತಿಂಗಳು ಬೇರೆ ಹಾಡುಗಾರ್ತಿಯನ್ನು ತರಬಾರದೆಂದು ಹಠ ಹಿಡಿದವಳು ನಾನು. ಅದನ್ನು ಆಡಿ ತೋರಿಸಬೇಕೆನಿಸಿತು. ಚೀಲ ಹೆಗಲಿಗೇರಿಸಿದೆ.

ಹೊರಟಾಗ ಪುಟ್ಟ “ಚಹಾ ಕುಡಿದು ಹೋಗಕ್ಕ” ಅಂದ.

ಏಪ್ರಿಲ್ ೨೩

ನಂಬಿದ ಎಮ್ಮೆ ಕೋಣ ಈಯಿತು.

ಮೇ ೫, ಸೋಮವಾರ

ಅಂಗಡಿಯಲ್ಲಿ ಬದಲಾಯಿಸಿದ ಹಳೆಯ ಲ್ಯಾಪ್‌ಟಾಪ್ ಯಜಮಾನರನ್ನು ಕೇಳಿ ತಂದಿದ್ದೇನೆ. ನನ್ನನ್ನು ಎಬ್ಬಿಸಿ ಕಳಿಸಿದ್ದು ಎಂಥದ್ದು, ಅದರ ಮುಖವನ್ನಾದರೂ ನೋಡೋಣ ಎಂದು.

ನೋಡಿದರೆ ಚೌಕಳಿ ಹಾಳೆ! ಎಡಗಡೆ ಡ್ರಮ್ಮುಗಳ ಹೆಸರು, ಎದುರಿಗೆ ಹದಿನಾರು ಮನೆ. ಮನೆಯ ಮೇಲೆ ಒತ್ತಿದರೆ ಅಲ್ಲಿ ಪೆಟ್ಟು ಬೀಳುತ್ತದೆ. ಇಷ್ಟೇನಾ? ಇದಕ್ಕಾ ನನ್ನ ಹನ್ನೊಂದು ವರ್ಷವನ್ನು ಒದ್ದು ಹಾಕಿದ್ದು?

ಹಾಡು ರೆಕಾರ್ಡ್ ಮಾಡುವ ತಂತ್ರಾಂಶ ಬೇರೆಯೇ. ಅದೂ ಫ್ರೀ, ಯಾರು ಬೇಕಾದರೂ ಬಳಸಬಹುದು, ಬಲ್ಲವರು ಅದನ್ನು ತಿದ್ದಲೂಬಹುದು. ಇದನ್ನು ಶುರು ಮಾಡಿದರೆ ಅದೂ ಶುರುವಾಗುವಂತೆ ಎರಡನ್ನೂ ಒಂದಕ್ಕೊಂದು ಗಂಟು ಹಾಕಬೇಕಂತೆ. ಎರಡು ದಿನ ಒದ್ದಾಡಿದೆ. ಒಂದು ಪೂರ್ವಕ್ಕೆ ಹೋದರೆ ಇನ್ನೊಂದು ಪಶ್ಚಿಮಕ್ಕೆ. ಬಳಸುವವರೆಲ್ಲ ಸೇರುವ ಜಾಲತಾಣದಲ್ಲಿ ನಾಚಿಕೆ ಬಿಟ್ಟು ಕೇಳಿದೆ. ‘ಮುದಿಗೂಬೆ’ ಎಂದು ಹೆಸರಿಟ್ಟುಕೊಂಡ ಯಾರೋ ಉತ್ತರ ಬರೆದರು. ಆ ತಾಣ ನೋಡಿಕೊಳ್ಳುವವರೇ ಅವರಂತೆ. “ಮೊದಲು ಇವನ್ನು ಜೋಡಿಸುವ ಮೂರನೆಯ ತಂತ್ರಾಂಶವನ್ನು ಎಬ್ಬಿಸಿ, ಆಮೇಲೆ ಈ ಎರಡನ್ನೂ ತೆರೆಯಿರಿ. ಎಲ್ಲರೂ ಮೊದಲ ವಾರ ಇಲ್ಲೇ ಅಳುತ್ತಾರೆ.” ಮಾಡಿದೆ. ಕೆಲಸ ಮಾಡಿತು. ಅಳುತ್ತಿದ್ದದ್ದು ಅದಕ್ಕಲ್ಲ ಎಂದು ಅವರಿಗೆ ಬರೆಯಲಿಲ್ಲ.

ಮೇ ೧೪, ಬುಧವಾರ

ಕೊನೆಯ ತಪಾಸಣೆ. ಫಿಸಿಯೋ ಮೇಡಂ ಕೈ ತಿರುಗಿಸಿ ನೋಡಿ, “ತಂಡ ಹೇಗಿದೆ?” ಎಂದು ಕೇಳಿದರು. ಹೇಳಿದೆ. ಅವರು “ಛೇ” ಎನ್ನಲಿಲ್ಲ, ಅದೇ ದೊಡ್ಡದು. ನನ್ನ ಚೀಟಿ ಬರೆದಿಟ್ಟು, “ಪಾರ್ಶ್ವವಾಯು ಆದವರಿಗೆ ಶನಿವಾರ ಬೆಳಿಗ್ಗೆ ನಡಿಗೆ ಕಲಿಸ್ತೀನಿ,” ಅಂದರು. “ತಾಳ ಇದ್ರೆ ಹೆಜ್ಜೆ ಸರಿಯಾಗಿ ಬೀಳುತ್ತೆ. ಸಿನಿಮಾ ಹಾಡು ಹಾಕಿದ್ರೆ ಓಡ್ತವೆ, ನಮ್ಮೋರು ಬೀಳ್ತಾರೆ. ನಿಧಾನಕ್ಕೆ, ನಿಮಿಷಕ್ಕೆ ಐವತ್ತು ಪೆಟ್ಟಿನಂತೆ, ಕೆಡದೇ ಹೋಗೋದು ಏನಾದ್ರೂ ಮಾಡಿಕೊಡ್ತೀರಾ?”

“ಐವತ್ತರಲ್ಲಿ ನಾನೇ ನಿದ್ದೆ ಹೋಗ್ತೀನಿ ಮೇಡಂ.”

“ಮಷೀನ್ ಹೋಗಲ್ವಲ್ಲ.”

ಎದೆಗೆ ಚುಚ್ಚಿತು. ಆದರೂ ಹೂಂ ಅಂದೆ.

ಮೇ ೨೨, ಗುರುವಾರ

ಇದನ್ನು ಬರೆಯಲು ಎರಡು ಸಲ ಕೂತು ಎದ್ದೆ.

ತಂತ್ರಾಂಶದ ಜೊತೆ ಬಂದ ಡ್ರಮ್ಮಿನ ಸದ್ದು ತಗಡು ಬಡಿದಂತಿದೆ, ನಡೆಯುವವರ ಕಿವಿಗೆ ಹಿತವಾಗಿರುವುದು ಬೇಕಿತ್ತು. ಮುದಿಗೂಬೆಯ ತಾಣದಲ್ಲೇ ಜನ ತಾವು ತಯಾರಿಸಿದ ಡ್ರಮ್ ಸದ್ದಿನ ಕಟ್ಟುಗಳನ್ನು ಎಲ್ಲರಿಗೂ ಬಿಟ್ಟಿಯಾಗಿ ಇಟ್ಟಿರುತ್ತಾರೆ. ಎಲ್ಲರೂ ಹೊಗಳಿದ್ದ ಒಂದನ್ನು ಇಳಿಸಿಕೊಂಡೆ. ಸ್ನೇರ್ ಒತ್ತಿದೆ. ಕೈ ಅಲ್ಲೇ ನಿಂತಿತು. ಹೆತ್ತವಳು ಮಗುವಿನ ಅಳು ಗುರುತಿಸುತ್ತಾಳಂತೆ, ನನಗೆ ಮಕ್ಕಳಿಲ್ಲ, ಸ್ನೇರ್ ಇದೆ. ದೊಡ್ಡ ಸಿಂಬಲ್ ಒತ್ತಿದೆ. ಕೊನೆಯಲ್ಲಿ ಸೀಳುದನಿ. ಸದ್ದು ಏರಿಸಿ ಜೋರು ಪೆಟ್ಟುಗಳನ್ನು ಒಂದೊಂದಾಗಿ ಕೇಳಿದೆ. ನಾಲ್ಕನೆಯದರಲ್ಲಿ, ಸದ್ದು ಕರಗಿದ ಮೇಲೆ, ದೂರದಿಂದ ಎಂಬಂತೆ, ನಾನು: “ಸಾಕೇನೋ?”

ತಯಾರಿಸಿದವರು: ನನ್ನ ತಮ್ಮನ ಹೆಸರು, ಅಪ್ಪನ ಹೆಸರಿನ ಸಮೇತ. ಕೆಳಗೆ: “ಬಾರಿಸಿದ್ದು, ಧ್ವನಿಮುದ್ರಿಸಿದ್ದು, ಸಂಸ್ಕರಿಸಿದ್ದು ಎಲ್ಲವೂ ನಾನೇ. ಯಾರು ಬೇಕಾದರೂ ಬಳಸಿಕೊಳ್ಳಿ. ಒಂದೇ ಷರತ್ತು, ನನ್ನ ಹೆಸರು ಹೇಳಿ.”

ನಲವತ್ತೊಂದು ಜನ ಮೆಚ್ಚಿ ಬರೆದಿದ್ದಾರೆ. “ಎಂಥ ಕೈ ನಿಮ್ಮದು!” ಎಂದು ಒಬ್ಬರು. ಅವನು ಉತ್ತರ ಕೊಟ್ಟಿದ್ದಾನೆ: “ಧನ್ಯವಾದ. ವರ್ಷಗಳ ಅಭ್ಯಾಸ.”

ಏರಿಸಿದ ತಾರೀಖು ಫೆಬ್ರವರಿ ಇಪ್ಪತ್ತು. ಪ್ಲಾಸ್ಟರ್ ಇನ್ನೂ ಹಸಿಯಾಗಿತ್ತು ಅನ್ನಬೇಕು. ಜಾಗ ಕಾಯುವ ಬೊಂಬೆಯಂತೆ, ಬೊಂಬೆ!

ಮೇ ೨೩, ಶುಕ್ರವಾರ

ಅವನು ಈಗ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಾನೆ. ನನಗೆ ಇವತ್ತೇ ತಿಳಿದದ್ದು. ಅದರ ಎದುರಿನ ಚಹಾದಂಗಡಿಯಲ್ಲಿ ಕೂತೆವು.

“ಸೌಂಡ್ ನಿಂದು, ಒಪ್ತೀನಿ,” ಅಂದ. “ಆದ್ರೆ ಅಷ್ಟು ಪೆಟ್ಟು ಕತ್ತರಿಸಿ, ಒಪ್ಪ ಮಾಡಿ, ಹೊಂದಿಸಿದ್ದು ಯಾರು? ಹತ್ತು ದಿನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತಿದ್ದೀನಿ.”

“ಹಾಗಂತ ಬರಿ. ಬೇಡ ಅಂದೋರ್ಯಾರು? ಬಾರಿಸಿದ್ದೂ ನಾನೇ ಅಂತ ಬರೆದಿದ್ದೀಯಲ್ಲೋ.”

ಅವನು ಲೋಟ ಪಕ್ಕಕ್ಕೆ ಸರಿಸಿದ. ಆಮೇಲೆ ಬಗ್ಗಿ, ಬೇರೆಯವರಿಗೆ ಕೇಳಿಸದ ಹಾಗೆ, “ಇಲ್ಲಿ ಡ್ರಮ್ಸೂ ಬರೋ ಇಂಜಿನಿಯರ್ ಬೇಕಿತ್ತಕ್ಕ. ಅದನ್ನ ಕೇಳಿಸಿದೆ, ತಗೊಂಡ್ರು. ಈಗ ನೀನು ಬಾಯಿ ಬಿಟ್ರೆ ನನ್ನ ಕಥೆ ಮುಗೀತು.”

“ಒಂದು ಮಾತು ಕೇಳಿದ್ರೆ ಕೊಡ್ತಿರಲಿಲ್ವೇನೋ ನಾನು?”

“ಕೊಡ್ತಿದ್ದೆ,” ಅಂದ. “ಕೊಟ್ಟು, ನಾನು ಕೊಟ್ಟದ್ದು ಅಂತ ಜೀವನಪೂರ್ತಿ ಹೇಳ್ತಿದ್ದೆ.”

ಇದು ನಿಜವೇ ಇರಬಹುದು. ಅದಕ್ಕೇ ಇಷ್ಟು ಉರಿಯುತ್ತಿದೆ.

ಮೇ ೨೫, ಭಾನುವಾರ

ಅಮ್ಮ ಬೆಳಿಗ್ಗೆಯಿಂದ ಪಾತ್ರೆ ಕುಕ್ಕುತ್ತಿದ್ದಳು. ಅವನು ಫೋನ್ ಮಾಡಿರಬೇಕು. ಕೊನೆಗೆ ಎದುರು ಬಂದು ಕೂತಳು.

“ಹೊಟ್ಟೆಗೆ ಹಾಕ್ಕೊಳೇ. ಒಡಹುಟ್ಟಿದೋನು. ಅವನ ಅನ್ನಕ್ಕೆ ಕಲ್ಲು ಹಾಕಬೇಡ.”

“ಅವನು ನನ್ನ ಕೈನೇ ಕದ್ದಿದ್ದಾನಮ್ಮ.”

“ಕೈ ನಿನ್ನ ಹತ್ರಾನೇ ಇದೆಯಲ್ಲ. ಅವನಿಗೆ ಹೆಂಡ್ತಿ, ಮಗು ಇದೆ. ನಿಂಗೇನಿದೆ?”

ಹೇಳಿದ ಮೇಲೆ ಅವಳಿಗೇ ಜಾಸ್ತಿಯಾಯಿತು ಅನಿಸಿತೇನೋ, ಸೆರಗಿನಲ್ಲಿ ಮೇಜು ಒರೆಸತೊಡಗಿದಳು. ಹಾಗೆ ಒರೆಸುತ್ತಲೇ, “ನನಗೆ ಮಾರ್ಚಲ್ಲೇ ಹೇಳಿದ್ದ. ತಂಡದ ವಿಷಯಾನೂ, ಕೆಲಸದ ವಿಷಯಾನೂ. ನೀನು ನೊಂದ್ಕೋತೀಯ ಅಂತ ನಾನೇ ಸುಮ್ನಿದ್ದೆ,” ಅಂದಳು.

ಮಾರ್ಚ್. ದಿನಕ್ಕೆ ಮೂರು ಸಲ ಬಿಸಿ ಬಟ್ಟೆ ಹಿಂಡಿ ಮಣಿಕಟ್ಟಿಗಿಡುತ್ತ “ಬೇಗ ವಾಸಿ ಮಾಡ್ಕೊಳೇ” ಎನ್ನುತ್ತಿದ್ದ ಮಾರ್ಚ್.

ಪುಟ್ಟನದ್ದು ಮೋಸ. ಅದಕ್ಕೊಂದು ಹೆಸರಿದೆ. ಇದನ್ನು ಏನೆಂದು ಕರೆಯಲಿ?

ಜೂನ್ ೧, ಭಾನುವಾರ

ಮುದಿಗೂಬೆಗೆ ಬರೆದೆ. ಏಳು ಸಲ ಬರೆದು ಅಳಿಸಿದೆ. ಮೊದಲನೆಯದರಲ್ಲಿ ಕಳ್ಳ, ಹತ್ತಿದ ಏಣಿ ಒದ್ದವನು, ಎಲ್ಲ ಇತ್ತು. ಕಳಿಸಿದ್ದು ಮೂರೇ ಸಾಲು. ಈ ಪೆಟ್ಟುಗಳನ್ನು ಬಾರಿಸಿದವಳು ನಾನು. ಧ್ವನಿಮುದ್ರಿಸಿ ಹೊಂದಿಸಿದವನು ನನ್ನ ತಮ್ಮ. ಇದ್ದದ್ದು ಇದ್ದ ಹಾಗೆ ಬರೆಯಬೇಕೆಂದು ಕೋರಿಕೆ.

ಸಂಜೆಯೊಳಗೆ ಉತ್ತರ ಬಂತು. “ಇಂಥ ದೂರುಗಳು ಸುಳ್ಳೂ ಇರುತ್ತವೆ, ತಪ್ಪು ತಿಳಿಯಬೇಡಿ. ಅದೇ ಡ್ರಮ್ಮುಗಳ ಮೇಲೆ ಹೊಸದಾಗಿ ಕೆಲವು ಪೆಟ್ಟು ಕಳಿಸಬಲ್ಲಿರಾ?”

ಬಲ್ಲೆ.

ಜೂನ್ ೮, ಭಾನುವಾರ

ಕಂಬಳಿ ನಾನೇ ಕಟ್ಟಿದೆ. ಫ್ರಿಜ್ ಆರಿಸಿದೆ. ಮೈಕ್ ಎಲ್ಲಿಡಬೇಕೆಂದು ಅರ್ಧ ದಿನ ಹುಡುಕಿದೆ. ಸ್ನೇರಿಗೆ ಮೇಲಿನಿಂದ ಒಂದು ಗೇಣು, ಸ್ವಲ್ಪ ಓರೆಯಾಗಿ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, ಹೋಗಿ ಮಲಗಿದಳು.

ಎರಡೂ ಕೈಯಲ್ಲಿ ಬಾರಿಸಿದೆ. ಎಡಗೈಯ ಪೆಟ್ಟು ಮೊದಲಿನಂತಿಲ್ಲ, ಒಂದು ಕೂದಲೆಳೆ ಹಿಂದೆ ಬೀಳುತ್ತದೆ. ಪರದೆಯ ಮೇಲೆ ಅಲೆಯ ಹಾಗೆ ಕಾಣುವ ಸದ್ದನ್ನು ಹಿಗ್ಗಿಸಿ ನೋಡಿದರೆ ಎಷ್ಟು ಹಿಂದೆ ಎಂಬುದೂ ತಿಳಿಯುತ್ತದೆ. ಅದನ್ನೇ ನೋಡುತ್ತ ಕೂತವಳಿಗೆ ಊಟದ ಹೊತ್ತು ಮೀರಿದ್ದೇ ಗೊತ್ತಾಗಲಿಲ್ಲ. ಶನಿವಾರದ ನಡಿಗೆಯವರಿಗೂ ಬೇಸ್ ಡ್ರಮ್ ಹೊಸದಾಗಿ ಮಾಡಿಕೊಂಡೆ. ಮೆತ್ತಗೆ, ದುಂಡಗೆ. ಹಳೆಯದು ತೀರಾ ಗದರಿಸುತ್ತಿತ್ತು.

ಜೂನ್ ೧೭, ಮಂಗಳವಾರ

ಪುಟ ತಿದ್ದಿದ್ದಾರೆ. ಬಾರಿಸಿದವರು: ನನ್ನ ಹೆಸರು. ಧ್ವನಿಮುದ್ರಣ, ಸಂಸ್ಕರಣ: ಅವನ ಹೆಸರು. ಒಂದರ ಕೆಳಗೆ ಒಂದು, ಒಂದೇ ಅಳತೆಯ ಅಕ್ಷರದಲ್ಲಿ. ಎಷ್ಟು ಹೊತ್ತು ನೋಡಿದೆನೋ. ಹಿಗ್ಗಬೇಕಿತ್ತು. ಹಲ್ಲು ಕಿತ್ತ ಮೇಲೆ ನಾಲಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದಲ್ಲ, ಹಾಗಾಯಿತು.

ಜೂನ್ ೨೦, ಶುಕ್ರವಾರ

ಪುಟ್ಟನ ಫೋನ್.

“ಖುಷಿನಾ ಈಗ? ಆ ಪುಟ ನೋಡಿ ಸ್ಟುಡಿಯೋ ಯಜಮಾನ್ರು ಎಲ್ಲರ ಎದುರಿಗೆ ಡ್ರಮ್ಸ್ ಮುಂದೆ ಕೂರ್ಸಿ ಏನಾದ್ರೂ ಬಾರ್ಸಪ್ಪ ಅಂದ್ರು. ಎಂಟು ಮಾತ್ರೆ ಬಾರಿಸೋಕಾಗ್ಲಿಲ್ಲ. ಈಗ ವೈರು ಸುತ್ತೋ ಕೆಲಸ ಕೊಟ್ಟಿದಾರೆ.”

“ಕೆಲಸ ಇದೆಯಲ್ಲ.”

“ಮರ್ಯಾದೆ ಇಲ್ಲ.”

“ಅದು ನಾನು ತೆಗೆದದ್ದಲ್ಲ ಕಣೋ.”

ಇಟ್ಟುಬಿಟ್ಟ. ಪಾಪ ಅನಿಸಿತು. ಅನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಎಂಟು ಮಾತ್ರೆ, ಚಿಕ್ಕವನಿದ್ದಾಗ ಎಷ್ಟು ಸಲ ಕೈ ಹಿಡಿದು ಹೇಳಿಕೊಟ್ಟಿದ್ದೆ.

ಜೂನ್ ೨೨, ಭಾನುವಾರ

ಅಮ್ಮ ಚೀಲ ಕಟ್ಟಿಕೊಂಡು ಪುಟ್ಟನ ಮನೆಗೆ ಹೋದಳು. “ಸ್ವಲ್ಪ ದಿನ,” ಅಂದಳು. ಬಸ್ ಹತ್ತಿಸಿ ಬಂದೆ. ಕಿಟಕಿಯಿಂದ ಏನೋ ಹೇಳಿದಳು, ಬಸ್ಸಿನ ಸದ್ದಿಗೆ ಕೇಳಿಸಲಿಲ್ಲ. ಮತ್ತೆ ಕೇಳಲೂ ಇಲ್ಲ.

ಜುಲೈ ೫, ಶನಿವಾರ

ನಡಿಗೆಯ ಗುಂಪಿನಲ್ಲಿ ಆರು ಜನ. ನಿವೃತ್ತ ಬಸ್ ಕಂಡಕ್ಟರ್ ಒಬ್ಬರಿದ್ದಾರೆ, ಎಡಗಾಲು ಎಳೆಯುತ್ತದೆ. ಬಲಗಾಲು ತಾಳಕ್ಕೆ ಸರಿಯಾಗಿ ಇಡುತ್ತಾರೆ, ಎಡಗಾಲು ಬರುವಷ್ಟರಲ್ಲಿ ಪೆಟ್ಟು ಬಿದ್ದು ಹೋಗಿರುತ್ತದೆ. ಗಾಬರಿಯಾಗಿ ನಿಂತುಬಿಡುತ್ತಾರೆ. “ಬಸ್ಸು ಹೊರಟೋಯ್ತು ಕಣಮ್ಮ,” ಎಂದು ನಗುತ್ತಾರೆ, ಆದರೆ ಆಸರೆಗೆ ಅಕ್ಕಪಕ್ಕ ಹಾಕಿದ ಕಂಬಿಯನ್ನು ಬಿಡುವುದಿಲ್ಲ. ಎರಡು ವಾರದಿಂದ ನಾಲ್ಕು ಹೆಜ್ಜೆ ದಾಟಿಲ್ಲ.

ಮಷೀನಿನಲ್ಲಿ ‘ಮನುಷ್ಯತನ’ ಎಂಬರ್ಥದ ಒಂದು ತಿರುಗಣೆ ಇದೆ. ತಿರುಗಿಸಿದಷ್ಟೂ ಪೆಟ್ಟುಗಳು ತಾವಾಗಿಯೇ ಹಿಂದೆಮುಂದೆ ಆಗುತ್ತವೆ. ಶೇಕಡಾ ಇಪ್ಪತ್ತರಷ್ಟು ಮನುಷ್ಯತನ ಇಟ್ಟು ನೋಡಿದೆ. ಬರೀ ಕುಡುಕನ ನಡಿಗೆ. ಇದು ಯಾರ ಕಾಲನ್ನೂ ನೋಡಿ ಮಾಡಿದ್ದಲ್ಲ. ಸೊನ್ನೆಗೆ ಇಳಿಸಿದೆ.

ಜುಲೈ ೧೨, ಶನಿವಾರ

ವಾರವೆಲ್ಲ ಒಂದೇ ಕೆಲಸ. ಬಲಗಾಲಿನ ಪೆಟ್ಟು ಇದ್ದಲ್ಲೇ ಇಟ್ಟು, ಎಡಗಾಲಿನದನ್ನು ಒಂದೊಂದು ಎಳೆ ಹಿಂದಕ್ಕೆ ಸರಿಸಿದೆ. ತೀರಾ ಹಿಂದಾದರೆ ಕಾಯುವಾಗ ಸಮತೋಲ ತಪ್ಪುತ್ತದೆ, ಮುಂದಾದರೆ ಮತ್ತೆ ಬಸ್ಸು ತಪ್ಪುತ್ತದೆ. ನಾನೇ ಕೋಣೆಯಲ್ಲಿ ಎಡಗಾಲು ಎಳೆದುಕೊಂಡು ನಡೆದು ನಡೆದು ನೋಡಿದೆ. ಮುದಿಗೂಬೆಗೆ ಬರೆದರೆ, “ಇಂಥದ್ದಕ್ಕೆ ಇದನ್ನು ಬಳಸಿದವರನ್ನು ನಾನು ನೋಡಿಲ್ಲ, ಆ ಕಡತ ನಮಗೂ ಕೊಡಿ,” ಎಂದರು. ಕಂಡಕ್ಟರನ್ನು ಕೇಳಿ ಕೊಡುತ್ತೇನೆ ಎಂದೆ. ಅದು ಅವರ ಕಾಲು.

ಇವತ್ತು ಹಾಕಿದೆ. ಫಿಸಿಯೋ ಮೇಡಂ ಹುಬ್ಬು ಗಂಟಿಕ್ಕಿ, “ತಾಳ ಸರಿ ಇಲ್ವಲ್ಲ, ಕುಂಟುತ್ತೆ,” ಅಂದರು. ಒಂದು ನಿಮಿಷ ತಡೀರಿ ಎಂದೆ.

ಕಂಡಕ್ಟರ್ ಬಲಗಾಲಿಟ್ಟರು. ಎಡಗಾಲು ಎಳೆಯಿತು, ಪೆಟ್ಟು ಕಾದಿತ್ತು, ಕಾಲು ಬಂದು ಅದರ ಮೇಲೆ ಕೂತಿತು. ಅವರು ತಲೆ ಎತ್ತಿದರು. ಮತ್ತೆ ಬಲ, ಮತ್ತೆ ಎಡ. ನಾಲ್ಕಾಯಿತು, ಐದಾಯಿತು. ಕಂಬಿ ಮುಗಿದದ್ದು ಅವರಿಗೆ ತಿಳಿಯಲೇ ಇಲ್ಲ. ಮೇಡಂ ತೋಳು ಚಾಚಿಕೊಂಡು ಪಕ್ಕದಲ್ಲೇ ಹೋದರು, ಮುಟ್ಟಲಿಲ್ಲ. ಹನ್ನೊಂದು ಹೆಜ್ಜೆಗೆ ಕಿಟಕಿ ಸಿಕ್ಕಿತು. ಅದರ ಕಟ್ಟೆ ಹಿಡಿದು ನಿಂತು ಬೀದಿ ನೋಡಿದರು, ಆಮೇಲೆ ತಿರುಗಿ, ಮೇಜಿನ ಮೇಲಿನ ಲ್ಯಾಪ್‌ಟಾಪ್ ಕಡೆ ಗದ್ದದಿಂದಲೇ ತೋರಿಸಿದರು.

“ಯಾರಮ್ಮ ಬಾರಿಸ್ತಿರೋದು? ನನಗೋಸ್ಕರ ನಿಂತು ನಿಂತು ಬಾರಿಸ್ತಿದಾರೆ.”

“ನಾನೇ,” ಅಂದೆ.